ನೆಂಟರಿಲ್ಲದ ಹಿಂಡು

ಹಿಕ್ಕೆ ಮೇಡಂಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೇರೆ ವಿಜ್ಞಾನಿಗಳು ನಕ್ಷತ್ರ ನೋಡುತ್ತಾರೆ, ಔಷಧಿ ಕಂಡುಹಿಡಿಯುತ್ತಾರೆ. ಈಕೆ ಎರಡು ವರ್ಷ ಗುಡ್ಡದ ಬಂಡೆಗಳ ಮೇಲೆ ಕಾಡುಮೇಕೆಗಳ ಹಿಂದೆ ತಿರುಗಿ, ಅವು ಉದುರಿಸಿ ಹೋದ ಹಿಕ್ಕೆಗಳನ್ನು ಕಡ್ಡಿಯಿಂದ ಎತ್ತಿ ಪುಟ್ಟ ಸೀಸೆಗಳಲ್ಲಿ ತುಂಬಿಕೊಂಡು ಬಂದಳು. ಅತ್ತೆ ಅಕ್ಕಪಕ್ಕದವರ ಹತ್ತಿರ "ನಮ್ಮ ಸೊಸೆ ಸಂಶೋಧನೆ ಮಾಡ್ತಾಳೆ" ಎಂದು ಕೊಚ್ಚಿಕೊಳ್ಳುತ್ತಿದ್ದರು. ಏತರ ಸಂಶೋಧನೆ ಎಂದು ಯಾರಾದರೂ ಕೇಳಿದರೆ ಮಾತ್ರ, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋಗಿಬಿಡುತ್ತಿದ್ದರು.

ಹಾಗೆಂದು ಹಿಕ್ಕೆಯನ್ನು ಹಗುರವಾಗಿ ಕಾಣಬಾರದು. ಕರುಳಿನಿಂದ ಜಾರಿ ಬರುವಾಗ ಅದಕ್ಕೆ ಮೇಕೆಯ ಜೀವಕೋಶಗಳೂ ಅಂಟಿಕೊಂಡು ಬರುತ್ತವೆ. ಅವುಗಳ ಡಿಎನ್‌ಎ ಓದಿದರೆ ಯಾವುದು ಯಾವುದರ ಮರಿ, ಹಿಂಡಿನೊಳಗೆ ಹೊರಗಿನ ರಕ್ತ ಎಷ್ಟಿದೆ ಎಂಬುದೆಲ್ಲ ಗೊತ್ತಾಗುತ್ತದೆ. ಗೊತ್ತಾಗಲೇಬೇಕಿತ್ತು. ಏಕೆಂದರೆ ಆ ಗುಡ್ಡದ ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಕಲ್ಲುಕ್ವಾರಿ. ಹೊರಗಿನ ಹೋತವೊಂದು ಅತ್ತ ಸುಳಿದು ಎಷ್ಟು ಕಾಲವಾಗಿತ್ತೋ ಯಾರಿಗೂ ನೆನಪಿರಲಿಲ್ಲ. ಹುಟ್ಟಿದ ಮರಿಗಳು ಕಾಲೂರಿ ನಿಲ್ಲಲಾಗದೆ ಸಾಯುತ್ತಿದ್ದವು. ಗುಡ್ಡದ ತಪ್ಪಲಿನ ಪಶುವೈದ್ಯ ಹರಸಾಹಸ ಮಾಡಿ ದೂರದ ಬೆಟ್ಟಸಾಲಿನಿಂದ ಒಂದು ಹೋತವನ್ನು ಹಿಡಿದು ತಂದು ದೊಡ್ಡಿಯಲ್ಲಿ ಕೂಡಿಹಾಕಿದ್ದ. ಮೇಡಂ ವರದಿ "ಹೊಸ ರಕ್ತ ಬೇಕು" ಎಂದರೆ ಅದನ್ನು ಗುಡ್ಡಕ್ಕೆ ಬಿಡುವುದು, ಬೇಡ ಎಂದರೆ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಕಳಿಸುವುದು.

ವರದಿ ಬೇಡ ಎಂದಿತು. ಹಿಂಡು ಕಲ್ಲುಗುಂಡಿನ ಹಾಗಿದೆ ಎಂದಿತು.

ಸಂಸ್ಥೆಯ ಮುಖ್ಯಸ್ಥರಿಗೆ, ಅಂದರೆ ಎಲ್ಲರ ಬಾಯಲ್ಲಿ ದೊಡ್ಡವರು ಅನ್ನಿಸಿಕೊಂಡವರಿಗೆ, ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗುಡ್ಡವನ್ನು ಕಾಪಾಡುತ್ತಿದ್ದವರು ಅವರೇ. ಕಾಪಾಡಿದ್ದು ಹೇಗೆ ಎಂದರೆ ಬೋರ್ಡು ಹಾಕಿಸಿ. ಕೂಡಲೇ ಮಂತ್ರಿಗಳನ್ನು ಕರೆಸಿ ಗುಡ್ಡದ ಬುಡದಲ್ಲೇ ಒಂದು ಸಮಾರಂಭ ಎಂದು ಗೊತ್ತುಮಾಡಿದರು.

ಸಮಾರಂಭಕ್ಕೆ ಚಿತ್ರ ಸಿದ್ಧ ಮಾಡಲು ಕೂತಾಗ ಹಿಕ್ಕೆ ಮೇಡಂಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಚಿತ್ರದಲ್ಲಿ ಒಂದೊಂದು ಮೇಕೆಗೆ ಒಂದೊಂದು ಚುಕ್ಕಿ. ಇದ್ದದ್ದು ನಾಲ್ಕೇ ಚುಕ್ಕಿ. ಎರಡು ವರ್ಷ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋದದ್ದು ನಾಲ್ಕು ಮೇಕೆಗಳಿಗಾಗಿಯೇ?

ಲೆಕ್ಕವನ್ನು ಹಿಂದಿನಿಂದ ಬಿಚ್ಚುತ್ತಾ ಹೋದಳು. ಈ ಕಸುಬಿನಲ್ಲಿ ಒಂದು ರೂಢಿಯಿದೆ. ತಾಯಿ, ಮಗ, ಅಕ್ಕ, ತಮ್ಮ ಎಲ್ಲರನ್ನೂ ಎಣಿಸಿದರೆ ಒಂದೇ ರಕ್ತವನ್ನು ನಾಲ್ಕು ಸಲ ಅಳೆದಂತಾಗುತ್ತದೆ. ಆದ್ದರಿಂದ ಮೊದಲು ಹತ್ತಿರದ ನೆಂಟರನ್ನು ತೆಗೆದು, ಮನೆಗೊಬ್ಬರಂತೆ ಉಳಿಸಿಕೊಳ್ಳಬೇಕು. ಊರು ತುಂಬ ಬೇರೆ ಬೇರೆ ಮನೆಗಳಿದ್ದಾಗ ಅದು ಒಳ್ಳೆಯ ರೂಢಿಯೇ. ಈ ಗುಡ್ಡದಲ್ಲಿ ಇದ್ದದ್ದೆಲ್ಲ ಒಂದೇ ಮನೆ. ಎಲ್ಲವೂ ಎಲ್ಲಕ್ಕೂ ಸೋದರಮಾವ, ಎಲ್ಲವೂ ಎಲ್ಲಕ್ಕೂ ಚಿಕ್ಕಮ್ಮ. ಕಂಪ್ಯೂಟರು ಪಾಪ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಇಡೀ ಹಿಂಡನ್ನು ನೆಂಟರೆಂದು ಹೊರಗೆ ಹಾಕಿ ಒಂದನ್ನು ಮಾತ್ರ ಉಳಿಸಿತ್ತು.

ಮಿಕ್ಕ ಮೂರು ಮೃಗಾಲಯದ ಮೇಕೆಗಳು. ಮೂರೂ ಮೂರು ದಿಕ್ಕಿನಿಂದ ತಂದವು, ಒಂದಕ್ಕೊಂದು ನೆಂಟಲ್ಲ. "ಸಂಖ್ಯೆ ಸ್ವಲ್ಪ ದೊಡ್ಡದಾಗಲಿ, ಅವೂ ಕಾಡುಮೇಕೆಗಳೇ ತಾನೆ" ಎಂದು ದೊಡ್ಡವರು ಸೇರಿಸಲು ಹೇಳಿದ್ದರು, ಇವಳು ತಲೆಯಾಡಿಸಿ ಸೇರಿಸಿದ್ದಳು. ಹಿಂಡಿನ ಆರೋಗ್ಯವೆಲ್ಲ ಆ ಮೂರರದ್ದು.

ಅವಳು ತಕ್ಷಣ ಎದ್ದಳು. ದೊಡ್ಡವರ ಕೋಣೆಗೆ ಹೋಗಿ ಒಂದೇ ಉಸಿರಿಗೆ ಹೇಳಿದಳು.

ದೊಡ್ಡವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೋಡಮ್ಮ, ನೆಂಟರನ್ನ ತೆಗೆದಿದ್ದು ಯಾರು?"

"ನಾನೇ ಸರ್. ಆದ್ರೆ ಮೃಗಾಲಯದ ಮೂರು..."

"ಅದು ಬಿಡು. ತೆಗೆದಿದ್ದು ನೀನು. ಈಗ ಮಂತ್ರಿಗಳಿಗೆ ಏನಂತ ಹೇಳೋಣ, ನಮ್ಮ ಮೇಡಂ ಹಿಂಡನ್ನೇ ಕಳ್ಕೊಂಡ್ರು ಅಂತಲಾ? ತಿದ್ದುಪಡಿ ಮುಂದಿನ ವರ್ಷ ನೋಡೋಣ. ಹೋತ ನಾಡಿದ್ದು ವಾಪಸ್ ಹೋಗ್ಲಿ. ಬೆದೆಗಾಲ ಪ್ರತಿ ವರ್ಷ ಬರತ್ತೆ."

ಬೆದೆಗಾಲ ಪ್ರತಿ ವರ್ಷ ಬರುತ್ತದೆ ನಿಜ. ಬಂದಾಗ ಮೇಕೆಗಳು ಉಳಿದಿರಬೇಕಷ್ಟೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಒರೆಸುವುದೂ ಬೇಕಾಗಲಿಲ್ಲ, ಮೇಡಂ ಬಾಯಿ ಮೊದಲೇ ಅರ್ಧ ಎಂಜಲಾಗಿತ್ತು. ಅದಕ್ಕೇ ಅವಳು ತಲೆಯಾಡಿಸಿ ಹೊರಗೆ ಬಂದಳು. ಮುಂದಿನ ತಿಂಗಳು ಬಡ್ತಿಯ ಸಂದರ್ಶನವಿತ್ತು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ಸಂಜೆ ಮನೆಯಲ್ಲಿ ಸಪ್ಪೆ ಮುಖ ನೋಡಿ ಅತ್ತೆ ಕೇಳಿದರು. "ಏನಾಯ್ತೇ?"

"ಲೆಕ್ಕದಲ್ಲಿ ನೆಂಟರನ್ನೆಲ್ಲ ತೆಗೆದುಬಿಟ್ಟೆ ಅತ್ತೆ."

ಅತ್ತೆ ನಡುಮನೆಯ ಕಡೆ ನೋಡಿದರು. ಅಲ್ಲಿ ಅವರ ತಂಗಿಯ ಸಂಸಾರ ಹದಿನೈದು ದಿನದಿಂದ ಬೇರು ಬಿಟ್ಟಿತ್ತು. ದನಿ ತಗ್ಗಿಸಿ, "ಇಲ್ಲೂ ಹಾಗೆ ಮಾಡೋಕಾಗತ್ತೇನೇ?" ಎಂದರು.

ಮೇಡಂ ನಕ್ಕಳು, ಆಮೇಲೆ ಅಳು ಬಂತು. ಅತ್ತುಮುಗಿಸುವ ಹೊತ್ತಿಗೆ ಒಂದು ಉಪಾಯವೂ ಹೊಳೆದಿತ್ತು. ಸತ್ಯ ಹೇಳಲು ಧೈರ್ಯವಿಲ್ಲದವರಿಗೆ ಉಪಾಯಗಳು ಬೇಗ ಹೊಳೆಯುತ್ತವೆ.

ಬೆಳಿಗ್ಗೆ ದೊಡ್ಡವರ ಮುಂದೆ ನಿಂತು, "ಸರ್, ಮಂತ್ರಿಗಳು ಬರೀ ಭಾಷಣ ಮಾಡಿದ್ರೆ ಫೋಟೋ ಚೆನ್ನಾಗಿ ಬರಲ್ಲ. ಅವರ ಕೈಯಲ್ಲೇ ಒಂದು ಹೋತ ಬಿಡಿಸಿದ್ರೆ? ಆರೋಗ್ಯವಂತ ಹಿಂಡಿಗೆ ಮಂತ್ರಿಗಳ ಕಾಣಿಕೆ ಅಂತ" ಎಂದಳು.

ದೊಡ್ಡವರ ಮುಖ ಅರಳಿತು. "ಹೋತ ಎಲ್ಲಿಂದ ತರೋದು?"

"ವಾಪಸ್ ಹೋಗೋ ಹೋತ ದೊಡ್ಡೀಲಿ ಖಾಲಿ ಕೂತಿದೆಯಲ್ಲ ಸರ್."

ಹಾಗೆ ವಿಜ್ಞಾನಕ್ಕೆ ಆಗದ ಕೆಲಸವನ್ನು ಕ್ಯಾಮೆರಾ ಮಾಡಿಕೊಟ್ಟಿತು. ಮಂತ್ರಿಗಳು ಬೋನಿನ ಬಾಗಿಲು ಎಳೆದರು. ಹೋತ ಪ್ರೋಟೋಕಾಲ್ ಗೊತ್ತಿಲ್ಲದೆ ದೊಡ್ಡವರ ಮಂಡಿಗೆ ಗುದ್ದಿ, ಎಲ್ಲರ ತಲೆಯ ಮೇಲೆ ಧೂಳೆಬ್ಬಿಸಿ ಬಂಡೆ ಹತ್ತಿತು. ಪಶುವೈದ್ಯ ಮಾತ್ರ ಚಪ್ಪಾಳೆ ತಟ್ಟದೆ ಮೇಡಂ ಮುಖವನ್ನೇ ನೋಡಿದ. "ವರದಿಯಲ್ಲಿ ಬೇಡ ಅಂದ್ರಿ, ಇಲ್ಲಿ ಬಿಡಿಸಿದ್ರಿ. ಯಾವುದು ನಿಜ ಮೇಡಂ?" ಎಂದು ಕೇಳಿದ. "ಮರಿ ಹುಟ್ಟಲಿ, ಹೇಳ್ತೀನಿ" ಎಂದು ಅವಳು ಜಾರಿಕೊಂಡಳು. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ.

ಮರಿಗಳು ಹುಟ್ಟಿದವು. ಪಶುವೈದ್ಯ ಕಳಿಸಿದ ವಿಡಿಯೋದಲ್ಲಿ ಒಂದು ಮರಿ ಎದ್ದು ನಿಂತು, ಬಿದ್ದು, ಮತ್ತೆ ಎದ್ದು ಬಂಡೆಯಿಂದ ಬಂಡೆಗೆ ಹಾರಿತು. ಮೇಡಂ ಅದನ್ನು ಎಷ್ಟು ಸಲ ನೋಡಿದಳೋ. ಅತ್ತೆಗೂ ತೋರಿಸಿದಳು. ಅಷ್ಟರಲ್ಲಿ ಬಡ್ತಿಯೂ ಬಂದಿತ್ತು.

ದೊಡ್ಡವರೂ ವಿಡಿಯೋ ನೋಡಿದರು. "ನಾನು ಹೇಳಲಿಲ್ವಾ, ಹಿಂಡು ಗಟ್ಟಿಯಾಗಿದೆ ಅಂತ?" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಈಗ ಕರುವೂ ಸಿಕ್ಕಿತ್ತು. ಸಮಾರಂಭ ಮುಗಿದ ವಾರವೇ ಅವರು ಮೇಡಂ ಲೆಕ್ಕದ ಕ್ರಮವನ್ನು ನೆಂಟರ ಜರಡಿ ಸಮೇತ, ಮೃಗಾಲಯದ ಆ ಮೂರು ಮೇಕೆಗಳ ಸಮೇತ, ಮಾದರಿ ಎಂದು ಎಲ್ಲ ಗುಡ್ಡಗಳ ಕಚೇರಿಗಳಿಗೂ ಕಳಿಸಿಕೊಟ್ಟಿದ್ದರು. ಮೇಡಂಗೆ ಹೇಳಿರಲಿಲ್ಲ. ಹೆಸರನ್ನು ಮಾತ್ರ ಅವಳದ್ದೇ ಹಾಕಿದ್ದರು.

ಅದು ಗೊತ್ತಾದದ್ದು ಗುರುತಿಲ್ಲದ ಪಶುವೈದ್ಯೆಯೊಬ್ಬಳ ಫೋನಿನಿಂದ. "ಮೇಡಂ, ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ. ನಮ್ಮ ಗುಡ್ಡಕ್ಕೂ ಹೋತ ತರಿಸಿದ್ವಿ. ನಿಮ್ಮ ಕ್ರಮದಲ್ಲಿ ಲೆಕ್ಕ ಹಾಕಿದ್ರೆ ಹಿಂಡು ಆರೋಗ್ಯವಾಗಿದೆ ಅಂತ ಬಂತು. ನಮ್ಮಲ್ಲಿ ಮರಿಗಳು ಯಾಕೆ ಸಾಯ್ತಿವೆಯೋ ಗೊತ್ತಾಗ್ತಿಲ್ಲ, ನೀರಿನ ದೋಷ ಇರಬೇಕು. ಹೋತಾನ ಇವತ್ತು ವಾಪಸ್ ಕಳಿಸ್ತಿದ್ದೀವಿ."

ಆ ಮೂರು ಮೇಕೆಗಳು ಮೃಗಾಲಯದಲ್ಲಿ ಹುಲ್ಲು ಮೇಯುತ್ತಲೇ ಇನ್ನೊಂದು ಗುಡ್ಡಕ್ಕೂ ಆರೋಗ್ಯದ ಸರ್ಟಿಫಿಕೇಟು ಕೊಟ್ಟಿದ್ದವು. ಮೇಡಂಗೆ ನಾಚಿಕೆಯಿಂದ ಮೈ ಉರಿಯಿತು.

"ಲಾರಿ ಹೊರಟಿದೆಯಾ?"

"ಇನ್ನೇನು ಹೊರಡತ್ತೆ."

"ನಿಲ್ಲಿಸಿ. ಹೋತಾನ ಗುಡ್ಡಕ್ಕೆ ಬಿಡಿ. ನನ್ನ ವರದಿ ತಪ್ಪು. ತಪ್ಪು ಅಂತ ನನಗೆ ಆಗಲೇ ಗೊತ್ತಿತ್ತು. ಇವತ್ತೇ ಬರೆದು ಕಳಿಸ್ತೀನಿ, ದೊಡ್ಡವರಿಗೂ, ಎಲ್ಲರಿಗೂ."

ಆ ಕಡೆ ಲಾರಿಯವನನ್ನು ಕೂಗಿ ನಿಲ್ಲಿಸುವ ಸದ್ದು ಕೇಳಿತು. ಮೇಡಂ ಉಸಿರು ಬಿಟ್ಟಳು.

ಪಶುವೈದ್ಯೆ ಮತ್ತೆ ಫೋನಿಗೆ ಬಂದಳು. "ನಮ್ಮದು ನಿಂತಿತು ಮೇಡಂ. ಆದ್ರೆ ಪಕ್ಕದ ಗುಡ್ಡದವರು ಹೋದ ತಿಂಗಳೇ ವಾಪಸ್ ಕಳಿಸಿಬಿಟ್ರು. ಅಲ್ಲಿ ಉಳಿದಿದ್ದೇ ಆರು ಮೇಕೆ. ಅವರಿಗೆ ಏನು ಹೇಳ್ಲಿ?"

ಹಿಕ್ಕೆ ಮೇಡಂ ಪೆನ್ನು ಎತ್ತಿಕೊಂಡಳು. "ನೀವು ಏನೂ ಹೇಳ್ಬೇಡಿ. ಅವರ ನಂಬರ್ ಕೊಡಿ" ಎಂದಳು.