ಬೂದಿಯ ಕೆಳಗಿನ ಮಣ್ಣು

ಇವಾಂಥಿಯಾ ಮಗಳ ಶಾಲೆಯ ಅಂಗಿಯನ್ನು ಅಂಗಳದ ಹಗ್ಗಕ್ಕೆ ಹಾಕುತ್ತಿದ್ದಳು. ಎವಿಯಾ ದ್ವೀಪದಲ್ಲಿ ಊರ ಹಿಂದಿನ ಬೆಟ್ಟ ಕಾಡ್ಗಿಚ್ಚಿಗೆ ಸುಟ್ಟು ತಿಂಗಳಾಗಿತ್ತು. ಗಾಳಿ ಬೀಸಿದರೆ ಸಾಕು, ಒಗೆದ ಬಟ್ಟೆ ಒಣಗುವ ಮೊದಲೇ ಬೂದಿ ಮೆತ್ತಿಕೊಳ್ಳುತ್ತಿತ್ತು. ಇನ್ನೊಂದು ಅಂಗಿ ಹಿಂಡುವಷ್ಟರಲ್ಲಿ ಗಂಡನ ಅಣ್ಣ ಸ್ತೆರ್ಯೋಸ್ ಗೇಟು ತಳ್ಳಿಕೊಂಡು ಬಂದ. ಊರಿನ ಅಧ್ಯಕ್ಷ ಅವನೇ.

“ಬಟ್ಟೆ ಎಲ್ಲಿಗೂ ಓಡಿಹೋಗಲ್ಲ. ಮೊದ್ಲು ಕಾಫಿ ಕೊಡು, ಆಮೇಲೆ ಇದಕ್ಕೊಂದು ಸಹಿ ಹಾಕು.”

ಅರಣ್ಯ ಇಲಾಖೆಯಲ್ಲಿ ಮಳೆನೀರಿನ ಲೆಕ್ಕ ಹಾಕುವುದು ಇವಾಂಥಿಯಾಳ ಕೆಲಸ. ಒಂದು ಬಿರುಮಳೆ ಬಂದರೆ ಶಾಲೆಯ ಹಿಂದಿನ ಹಳ್ಳದಲ್ಲಿ ಮೋರಿ ತಾಳುವುದಕ್ಕಿಂತ ಮೂರು ಪಟ್ಟು ನೀರು ಇಳಿಯುತ್ತದೆ, ಶಾಲೆ ಮುಚ್ಚಬೇಕು ಎಂದು ಅವಳು ವರದಿ ಬರೆದಿದ್ದಳು. ಅವನು ತಂದ ಹಾಳೆಯಲ್ಲಿ ಶಾಲೆಗೆ ಅಪಾಯವಿಲ್ಲ ಎಂದಿತ್ತು; ಅದರಲ್ಲಿದ್ದುದು ಕಾಡು ಹಸಿರಾಗಿದ್ದಾಗಿನ ಅಂಕಿ.

“ಭಾವ, ಇದು ಹೋದ ವರ್ಷದ ಬೆಟ್ಟ.”

“ಬೆಟ್ಟ ಬೆಟ್ಟಾನೇ ಕಣೇ. ಇರೋದೇ ಹತ್ತು ಹನ್ನೊಂದು ಮಕ್ಕಳು. ಒಂದ್ಸಲ ಬೀಗ ಬಿದ್ರೆ ಶಾಲೆ ಮತ್ತೆ ತೆರೆಯಲ್ಲ. ಆ ಶಾಪ ನಿನಗೆ ಬೇಕಾ?”

ಅದು ಅವಳಿಗೆ ನಾಟಿತು. ಅವಳೂ ಅಲ್ಲೇ ಅಕ್ಷರ ಕಲಿತವಳು.

ಅವಳು ಕಾಫಿಯ ಜೊತೆ ಕೊಟ್ಟಿದ್ದ ನೀರಿನ ಲೋಟ ಹಿಡಿದು ಅವನು ಅಂಗಳದ ಹಿಂದಿನ ಇಳಿಜಾರಿಗೆ ಹೋಗಿ ಸ್ವಲ್ಪ ಸುರಿದ. ಬೂದಿ ನೀರನ್ನು ಹೀರಿತು.

“ನೋಡು, ಹೇಗೆ ಕುಡೀತು! ಪೇಟೆಯಿಂದ ಬಂದ ಎಂಜಿನಿಯರಿಗೂ ಇದನ್ನೇ ತೋರಿಸ್ದೆ.”

ಇವಾಂಥಿಯಾ ಕುಳಿತು, ಮಗಳ ಹಣೆಯ ಕೂದಲು ಸರಿಸುವಷ್ಟು ಮೆತ್ತಗೆ ಬೂದಿ ಸರಿಸಿದಳು. ಪೈನ್ ಮರಗಳು ಸುಟ್ಟ ಬೆಂಕಿಯಲ್ಲಿ ಕೆಳಗಿನ ಮಣ್ಣಿಗೆ ಮೇಣದಂಥ ಪದರ ಕಟ್ಟಿತ್ತು. ಅವನ ಕೈಯಿಂದ ಲೋಟ ಇಸಿದುಕೊಂಡು ಉಳಿದ ನೀರನ್ನು ಅದರ ಮೇಲೆ ಹೊಯ್ದಳು. ಒಂದು ಹನಿಯೂ ಇಂಗಲಿಲ್ಲ. ನೀರು ಮಣಿಮಣಿಯಾಗಿ ಉರುಳಿ ಅವನ ಬೂಟಿಗೆ ಬಡಿಯಿತು.

“ಕುಡಿದದ್ದು ಬೂದಿ, ಭಾವ. ಮೊದಲ ಮಳೆಗೇ ಅದು ಕೊಚ್ಚಿಹೋಗುತ್ತೆ. ಆಮೇಲೆ ಬೆಟ್ಟ ಪೂರ್ತಿ ಎಣ್ಣೆ ಸವರಿದ ಬಾಣಲೆ.”

“ಒಂದು ಲೋಟ ನೀರಿಗೆ ಇಷ್ಟೊಂದು ರಂಪಾನಾ?” ಎಂದು ಅವನು ಕರವಸ್ತ್ರ ತೆಗೆದು ಬೂಟು ಒರೆಸಿಕೊಂಡ. ಅವನ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ. ಅದನ್ನು ಕಂಡದ್ದೇ ಅವಳಿಗೆ ಅವನ ಮೀಸೆಗೆ ಅಂಟಿದ ಕಾಫಿಯ ಗಸಿ, ಆ ಮಡಿಸಿದ ಹಾಳೆ, ಅವನ ನಗು, ಎಲ್ಲವೂ ಹೇಸಿಗೆಯಾಯಿತು.

ಮಗಳು ಲೆಮೋನಿಯಾ ಆಗಿನಿಂದ ಬಾಗಿಲ ಬಳಿ ನಿಂತು ಏನೋ ಹೇಳಲು ಬಾಯಿ ತೆರೆಯುತ್ತ, ಮುಚ್ಚುತ್ತ ಇದ್ದಳು. ಸ್ತೆರ್ಯೋಸ್ ಅವಳ ಕೆನ್ನೆ ಹಿಂಡಿದ.

“ನಿಮ್ಮಮ್ಮ ಪುಕ್ಕಲಿ ಕಣೇ ಪುಟ್ಟಿ. ನಿನ್ನ ಶಾಲೆಗೆ ಏನೂ ಆಗಲ್ಲ.”

ಹುಡುಗಿ ಕೆನ್ನೆ ಬಿಡಿಸಿಕೊಂಡು ಅಮ್ಮನ ಲಂಗ ಹಿಡಿದಳು.

“ದೊಡ್ಡಪ್ಪ, ಏನೂ ಆಗಲ್ಲ ಅಂದ್ರೆ ನಿಮ್ಮ ಮೊಮ್ಮಗನ್ನ ಯಾಕೆ ನಮ್ಮ ಶಾಲೆ ಬಿಡಿಸಿ ಪೇಟೆ ಶಾಲೆಗೆ ಸೇರಿಸಿದ್ರಿ?”