ಫೇಲೇ ಆಗದ ಪರೀಕ್ಷೆ

ನಾನು ಖಾಲಿ ಫೈಲ್ ತಯಾರಿಸುವವನು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ತಂತ್ರಾಂಶ ನಮ್ಮ ಕಂಪನಿಯದು. ಅದರಲ್ಲಿ ಒಂದು ಫೈಲ್ ಹದಿನಾರು ಟೆರಾಬೈಟ್‌ವರೆಗೆ ಬೆಳೆಯಬಹುದು; ಅದರ ಮೇಲೆ ಒಂದೇ ಒಂದು ಬೈಟ್, ಅಂದರೆ ಒಂದಕ್ಷರದಷ್ಟು, ಹೆಚ್ಚಾದರೂ ತಂತ್ರಾಂಶ 'ಆಗುವುದಿಲ್ಲ' ಎನ್ನಬೇಕು. ಅಷ್ಟನ್ನೂ ತುಂಬಿಸುತ್ತ ಕೂತರೆ ಮುಗಿಯುವ ಮಾತಲ್ಲ. ಹಾಗಾಗಿ ನಡುವಿನದ್ದೆಲ್ಲ ಖಾಲಿ ಬಿಟ್ಟು, ಕಟ್ಟಕಡೆಗೆ ನೆಗೆದು, ಮಿತಿಯ ಆಚೆ ಒಂದಕ್ಷರ ಬರೆಯಲು ಹೋಗುತ್ತೇನೆ. ತಂತ್ರಾಂಶ ತಡೆದರೆ ಪರದೆಯ ಮೇಲೆ ಹಸಿರು, ಬಿಟ್ಟರೆ ಕೆಂಪು. ಯಾರು ಎಲ್ಲಿ ಏನೇ ತಿದ್ದಲಿ, ನಿನ್ನೆ ಸರಿಯಿದ್ದದ್ದು ಇಂದು ಕೆಟ್ಟಿಲ್ಲ ತಾನೇ ಎಂದು ಈ ಪರೀಕ್ಷೆಯನ್ನು ಮತ್ತೆ ಓಡಿಸುವುದೇ ನನ್ನ ಉದ್ಯೋಗ.

ಇದನ್ನೆಲ್ಲ ಒಮ್ಮೆ ಭಾವಮೈದನಿಗೆ ಬಿಡಿಸಿ ಹೇಳಿದೆ. "ಅಂದ್ರೆ ಭಾವ, ಹೊರಗಿಂದ ಭಾರೀ ದೊಡ್ಡದು, ಒಳಗೆ ಏನೂ ಇಲ್ಲ, ಅಲ್ವಾ?" ಎಂದ. ಹೌದೆಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದ.

ಪರೀಕ್ಷೆ ನನ್ನ ಕೈಗೆ ಬಂದಾಗಿನಿಂದ ಒಮ್ಮೆಯೂ ಕೆಂಪಾಗಿರಲಿಲ್ಲ. ಆ ಹಸಿರಿನ ಬಗ್ಗೆ ನಾನು ಜಂಬ ಕೊಚ್ಚಿಕೊಂಡಷ್ಟು ಮಗಳ ಬಗ್ಗೆಯೂ ಕೊಚ್ಚಿಕೊಂಡಿಲ್ಲ. ಅದೇ ಮುಳುವಾಯಿತು. ಮ್ಯಾನೇಜರ್ ಮೇಡಂ ಕರೆದು, "ಫೇಲೇ ಆಗದ ಪರೀಕ್ಷೆಗೆ ಒಂದು ಮಷಿನ್ನು, ಒಬ್ಬ ಮನುಷ್ಯ ಯಾಕ್ರೀ? ತೆಗೆದುಬಿಡೋಣ. ನೀವು ಗ್ರಾಹಕರ ಫೋನ್ ತಗೊಳ್ಳೋ ವಿಭಾಗಕ್ಕೆ ಹೋಗಿ" ಎಂದರು. ದಿನವಿಡೀ ಜನರೊಂದಿಗೆ ಮಾತಾಡುವ ಶಕ್ತಿಯಿದ್ದಿದ್ದರೆ ನಾನೇಕೆ ಖಾಲಿ ಫೈಲುಗಳ ಸಹವಾಸ ಮಾಡುತ್ತಿದ್ದೆ?

"ಫೇಲಾಗದಿರೋದೇ ಅದರ ಹೆಚ್ಚುಗಾರಿಕೆ ಮೇಡಂ" ಎಂದೆ.

"ಹಾಗಾದ್ರೆ ಶುಕ್ರವಾರದ ಸಭೆಯಲ್ಲಿ ಎಲ್ಲರ ಮುಂದೆ ಅದನ್ನೇ ಹೇಳಿ. ಒಪ್ಪಿದ್ರೆ ಇಟ್ಕೊಳ್ಳೋಣ."

ರಾತ್ರಿ ಊಟದ ಹೊತ್ತಿಗೆ ಹೆಂಡತಿಯ ಹತ್ತಿರ ಗೋಳು ತೋಡಿಕೊಂಡೆ. ಅವಳು ಗಣಿತದ ಟೀಚರು, ಕನಿಕರ ಕಡಿಮೆ. "ರೀ, ನನ್ನ ಕ್ಲಾಸಲ್ಲಿ ಎಲ್ಲರಿಗೂ ನೂರಕ್ಕೆ ನೂರು ಬಂದ್ರೆ ನಾನು ಖುಷಿಪಡಲ್ಲ. ಪ್ರಶ್ನೆಪತ್ರಿಕೆ ಎಲ್ಲಿ ಸೋರಿತು ಅಂತ ಹುಡುಕ್ತೀನಿ."

"ಟೆರಾಬೈಟ್ ಅಂದ್ರೇನು ಗೊತ್ತಾ ನಿಂಗೆ?"

"ಗೊತ್ತಿಲ್ಲ, ಬೇಕಾಗೂ ಇಲ್ಲ. ಬೇಕಂತಲೇ ಒಂದ್ಸಲ ಫೇಲ್ ಮಾಡ್ಸಿ ನೋಡಿ."

ಮುಖ ಊದಿಸಿಕೊಂಡು ತಟ್ಟೆ ತೊಳೆದೆ.

ಅವಳ ಮಾತು ಸುಳ್ಳು ಮಾಡಲೆಂದೇ ಮರುದಿನ ತಂತ್ರಾಂಶದ ಒಂದು ಪ್ರತಿ ತೆಗೆದುಕೊಂಡು, ಮಿತಿಯನ್ನು ಕಾಯುವ ಸಾಲನ್ನೇ ಅಳಿಸಿ ಪರೀಕ್ಷೆ ಓಡಿಸಿದೆ. ಈಗ ಕೆಂಪು ಬರಲೇಬೇಕು. ಹಸಿರು ಬಂತು. ಇನ್ನೊಮ್ಮೆ ಓಡಿಸಿದೆ. ಹಸಿರು.

ಕೆದಕುತ್ತ ಹೋದಾಗ ಗೊತ್ತಾಯಿತು. ಮಷಿನ್ನುಗಳನ್ನು ಹೊಸ ಕೋಣೆಗೆ ಸಾಗಿಸಿದಾಗ ಡಿಸ್ಕಿನ ಹೆಸರು ಬದಲಾಗಿತ್ತು. ಪರೀಕ್ಷೆ ಮಾತ್ರ ಹಳೇ ಹೆಸರಿನ ಡಿಸ್ಕನ್ನೇ ಹುಡುಕಿ, ಅದು ಸಿಗದೆ ದೋಷ ಬಂದಾಗಲೆಲ್ಲ, 'ತಂತ್ರಾಂಶ ತಡೆಯಿತು, ಸರಿಯಾಗಿದೆ' ಎಂದು ಹಸಿರು ತೋರಿಸುತ್ತಿತ್ತು. ಇಲ್ಲದ ಮನೆಯ ಬಾಗಿಲು ತಟ್ಟಿ ಬಂದು, ಕಾವಲು ಬಹಳ ಭದ್ರವಾಗಿದೆ ಎಂದು ನಾನು ವರದಿ ಕೊಡುತ್ತಿದ್ದೆ.

ಕಳ್ಳಬುದ್ಧಿ ಬಿಡುತ್ತದೆಯೇ? ಹೆಸರನ್ನು ಗುಟ್ಟಾಗಿ ತಿದ್ದಿಬಿಟ್ಟರೆ ಮಾನವೂ ಉಳಿಯಿತು, ಕುರ್ಚಿಯೂ ಉಳಿಯಿತು. ತಿದ್ದಿದೆ. ಸಾಲು ಅಳಿಸಿದ ಪ್ರತಿಯನ್ನು ಬದಿಗಿಟ್ಟು, ಗ್ರಾಹಕರು ಬಳಸುತ್ತಿರುವ ಅಸಲಿ ತಂತ್ರಾಂಶದ ಮೇಲೆ ಓಡಿಸಿದೆ.

ಕೆಂಪು.

ಮಿತಿಯ ಆಚೆಗೆ ಬರೆದ ಅಕ್ಷರವನ್ನು ತಂತ್ರಾಂಶ ತಡೆದೇ ಇರಲಿಲ್ಲ. ಮಿತಿ ಕಾಯುವ ಸಾಲಿಗೆ ಬರುವ ಮೊದಲೇ ಎಣಿಕೆ, ತುಂಬಿದ ಮೀಟರಿನಂತೆ, ಸೊನ್ನೆಗೆ ಮರಳಿ, ಅಕ್ಷರ ಫೈಲಿನ ಮೊದಲಲ್ಲೇ ಹೋಗಿ ಕೂತಿತ್ತು. ನನ್ನ ಫೈಲು ಖಾಲಿ, ಅಲ್ಲಿ ಅಳಿಸಲು ಏನೂ ಇರಲಿಲ್ಲ. ಯಾರದೋ ನಿಜವಾದ ಫೈಲ್, ಒಳಗೆ ಏನೋ ಇರುವ ಫೈಲ್, ಹೀಗೆ ಹಾಳಾಗಬಹುದು. ಇನ್ನು ಬಾಯಿ ಮುಚ್ಚಿಕೊಂಡಿರುವುದು ಸಾಧ್ಯವಿರಲಿಲ್ಲ.

ಶುಕ್ರವಾರ, ಬೇರೆ ಬೇರೆ ಪರೀಕ್ಷೆ ಓಡಿಸುವ ಸಹೋದ್ಯೋಗಿಗಳೆಲ್ಲರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಡಂ ಕನ್ನಡಕ ತೆಗೆದರು. "ಅಲ್ರೀ, ಹಾಗಾದ್ರೆ ಇಷ್ಟು ದಿನ ನೀವು ನೋಡ್ತಾ ಇದ್ದದ್ದಾದ್ರೂ ಏನು?"

"ಬಣ್ಣ, ಮೇಡಂ."

ಕೋಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬನಂತೂ ಮೇಜು ಕುಟ್ಟಿ ನಕ್ಕ. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಮೇಡಂ ಮಾತ್ರ ನಗಲಿಲ್ಲ. "ಪರೀಕ್ಷೆ ಇರಲಿ. ನೀವೂ ಇಲ್ಲೇ ಇರಿ" ಎಂದರು. "ಸೋಮವಾರದಿಂದ ನಮ್ಮಲ್ಲಿ ಯಾವ್ಯಾವ ಪರೀಕ್ಷೆ ಯಾವಾಗಲೂ ಹಸಿರಾಗಿರುತ್ತೋ, ಅದನ್ನೆಲ್ಲ ಬೇಕಂತಲೇ ಫೇಲ್ ಮಾಡಿಸಿ ನೋಡಿ."

ನಗು ಥಟ್ಟನೆ ನಿಂತಿತು. ಉಳಿದ ಹಸಿರೆಲ್ಲ ಆ ನಕ್ಕವರದ್ದೇ ಆಗಿತ್ತು.