ಸೊಲ್ಲಿಗೆ ಬಿಟ್ಟ ಜಾಗ

ಅಮ್ಮನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಿಳಿ ದಾರ ಸುತ್ತುತ್ತಿದ್ದ ಮುನಿಲಕ್ಷ್ಮಿ ತಲೆ ಎತ್ತಿ, "ಯಾರಾದ್ರೂ ಹಾಡು ಎತ್ಕೊಳ್ರೇ, ಹಿಂಗೆ ಸುಮ್ನೆ ಕೂತ್ರೆ ಹೆಂಗೆ" ಅಂದಳು.

ಗೋಡೆಗೆ ಒರಗಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌನಿಪಲ್ಲಿ ಸುತ್ತಿನ ಹತ್ತು ಹನ್ನೆರಡು ಹಳ್ಳಿಗಳಲ್ಲಿ ಯಾರೇ ತೀರಿಕೊಂಡರೂ ಹೆಣದ ತಲೆಯ ಬಳಿ ಕೂತು ಹಾಡಿಕೊಂಡು ಅಳುತ್ತಿದ್ದವಳು ಚಿಕ್ಕಗಂಗಮ್ಮ. ಸತ್ತವರ ಹೆಸರು ಹಿಡಿದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಒಂದು ಸಾಲು ಎತ್ತುವಳು, ಆಮೇಲೆ ನಿಲ್ಲಿಸುವಳು. ಆ ಬಿಡುವಿನಲ್ಲಿ ಉಳಿದವರು ಸೊಲ್ಲು ಕೊಡಬೇಕು. ಸತ್ತದ್ದು ಗಂಡಸಾದರೆ 'ಓ ನಾಯನಾ', ಹೆಂಗಸಾದರೆ 'ಓ ತಲ್ಲೀ'. ನಲವತ್ತು ವರ್ಷ ಹೀಗೇ ನಡೆದಿತ್ತು. ಸೊಲ್ಲು ಕೊಡುವುದು ಊರಿಗೆಲ್ಲ ಗೊತ್ತಿತ್ತು. ಎತ್ತುವುದನ್ನು ಬಲ್ಲವಳು ಈಗ ಚಾಪೆಯ ಮೇಲೆ ಮಲಗಿದ್ದಳು.

ಬಲ್ಲವರು ಇನ್ನೊಬ್ಬರಿದ್ದರು. ಎದುರು ಮನೆಯ ವೆಂಕಟರತ್ನಮ್ಮ. ಬೆಳಿಗ್ಗೆಯಿಂದ ತನ್ನ ಜಗಲಿಯ ಮೇಲೆ, ಈ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಹದಿಮೂರು ತಿಂಗಳಿಂದ ಅವಳು ಈ ಹತ್ತು ಹೆಜ್ಜೆ ದಾಟಿರಲಿಲ್ಲ.

"ದೊಡ್ಡಮ್ಮನ್ನ ಕರೀತೀನಿ" ಎಂದು ಮುನಿಲಕ್ಷ್ಮಿ ಎದ್ದಳು.

ಅವಳ ತಮ್ಮ ಭೀಮರಾಜ್ ಬಾಗಿಲಲ್ಲಿ ತಡೆದ. "ಬೇಡ ಕಣಕ್ಕ. ಬೈಸ್ಕೊಂಡು ಬರ್ತೀಯ. ಇವತ್ತೊಂದಿನ ಬೇಡ."

ಮುನಿಲಕ್ಷ್ಮಿ ಹೋದಳು. ವೆಂಕಟರತ್ನಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆ ಸವರಿದಳು. ಬೈಯಲಿಲ್ಲ. "ನೀನು ನನ್ ಮಗಳೇ ಕಣಮ್ಮ. ಆದ್ರೆ ನನ್ ಮಗನ್ನ ಬದುಕಿದ್ದಂಗೇ ಸಾಯ್ಸಿದವಳಿಗೆ ನಾನು ಹಾಡ್ಲಾ? ನೀನೇ ಹೇಳು" ಎಂದಳು. ಮುನಿಲಕ್ಷ್ಮಿ ಎದ್ದು ಹಿಂದಿರುಗಿದಳು.

*

ಎರಡು ವರ್ಷದ ಹಿಂದಿನ ಕಾರ್ತಿಕ. ಶ್ರೀನಿವಾಸಪುರದ ಮಾವಿನ ಮಂಡಿಗಳೆಲ್ಲ ಖಾಲಿ ಬಿದ್ದಿದ್ದ ಕಾಲ. ಅಂಥದೊಂದು ಮಂಡಿಯಲ್ಲಿ ಮೈಕು ನಿಲ್ಲಿಸಿಕೊಂಡು ಚಂದ್ರಮೋಹನ್ ಎಂಬ ಸಂಗೀತಗಾರ ಚಿಕ್ಕಗಂಗಮ್ಮನ ಎದುರು ಕೂತಿದ್ದ. ನೆಂಟರ ಮನೆಯ ಸಾವಿನಲ್ಲಿ ಅವಳ ದನಿ ಕೇಳಿದ್ದವನು ಅದನ್ನು ಮರೆಯಲಾಗದೆ ಹುಡುಕಿಕೊಂಡು ಬಂದಿದ್ದ.

"ಹೆಣ ಇಲ್ದೆ ಹಾಡಬಾರದು ಸ್ವಾಮಿ" ಎಂದು ಅವಳು ಮೂರನೇ ಸಲ ಹೇಳಿದಳು.

"ಯಾವ್ದಾದ್ರೂ ಹೆಸರು ಸುಮ್ನೆ ಹಾಕಿ ಅಮ್ಮ."

"ಸುಮ್ನೆ ಹಾಕೋ ಹೆಸರು ಯಾವ್ದಿದೆ?" ಅವಳು ಕೇಳಿದಳು, "ಸಿನಿಮಾದಲ್ಲಿ ಯಾರು ಸಾಯ್ತಾರೆ?"

ಚಂದ್ರಮೋಹನ್ ವಿವರಿಸಿದ. 'ಏಳನೇ ಕಕ್ಷೆ' ಅಂತ ಚಿತ್ರ. ನಾಲ್ಕು ವರ್ಷದ ಹಿಂದೆ ಬಂದದ್ದು. ಈಗ ಹೊಸ ಸಂಗೀತ ಹಾಕಿ ಮತ್ತೆ ಬಿಡುಗಡೆ ಮಾಡುತ್ತಾರೆ. ಅದರಲ್ಲಿ ಆಕಾಶನೌಕೆಯೊಂದು ದಾರಿ ತಪ್ಪುತ್ತದೆ. ಒಳಗಿದ್ದವನು ಏನಾದ ಎಂಬುದು ತಿಳಿಯುವುದಿಲ್ಲ. ಖಾಲಿ ನೌಕೆ ಮಾತ್ರ ಹೋಗುತ್ತಲೇ ಇರುತ್ತದೆ.

"ಹಂಗಾದ್ರೆ ಹೆಣ ಸಿಗಲ್ಲ."

"ಸಿಗಲ್ಲ ಅಮ್ಮ."

ಚಿಕ್ಕಗಂಗಮ್ಮ ಎದ್ದಳು. ಮಂಡಿಯ ಷಟರ್ ಎಳೆಸಿದಳು. ಮೂಲೆಯಲ್ಲಿದ್ದ ಖಾಲಿ ಗೋಣಿಚೀಲವನ್ನು ತಂದು ತನ್ನ ಮುಂದೆ ಉದ್ದಕ್ಕೆ ಹಾಸಿ, ಸುಕ್ಕು ತೆಗೆದಳು. ಅದರ ತಲೆದಿಕ್ಕಿನಲ್ಲಿ ಕೂತು, ಕಣ್ಣು ಮುಚ್ಚಿ ಎತ್ತಿದಳು.

"ಎಕ್ಕಡಿಕಿ ಪೋತಿವೋ ಅಮರಾ, ಇಟ್ಟ ಮುದ್ದೆ ಆರ್ತಾ ಐತೆ…"

ಎಲ್ಲಿಗೆ ಹೋದೆಯೋ ಅಮರ. ಸಾಲು ಮುಗಿಸಿ ನಿಲ್ಲಿಸಿದಳು. ಸೊಲ್ಲು ಕೊಡಲು ಅಲ್ಲಿ ಯಾರೂ ಇರಲಿಲ್ಲ. ಖಾಲಿ ಮಂಡಿ ಅವಳ ದನಿಯನ್ನು ಒಂದು ಸುತ್ತು ಸುತ್ತಿಸಿ ನುಂಗಿತು. ಅವಳು ಸೊಲ್ಲು ಕೊಡುವಷ್ಟು ಹೊತ್ತು ಕಾದು ಮುಂದಿನ ಸಾಲಿಗೆ ಹೋದಳು. ಹಾಡು ಮುಗಿದ ಮೇಲೆ, ಆ ಜಾಗಗಳಲ್ಲಿ ಬೇರೆ ಹೆಂಗಸರ ದನಿ ಸೇರಿಸಲೇ ಎಂದು ಚಂದ್ರಮೋಹನ್ ಕೇಳಿದ. "ಅದು ಕೊಡೋರ ಜಾಗ. ಅವರು ಬರೋತಂಕ ಖಾಲೀನೇ ಇರ್ಲಿ" ಅಂದಳು. ಗೋಣಿಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು.

ಅಮರನಾಥ ವೆಂಕಟರತ್ನಮ್ಮನ ಒಬ್ಬನೇ ಮಗ. ಇಪ್ಪತ್ತೆರಡು ವರ್ಷದ ಹಿಂದೆ, ಹತ್ತೊಂಬತ್ತರ ಹುಡುಗ, ಮಾವು ತುಂಬಿದ ಲಾರಿಯಲ್ಲಿ ನಾಗಪುರಕ್ಕೆ ಹೋದ. ಆದಿಲಾಬಾದಿನ ಆಚೆ ಲಾರಿ ನಿಂತಾಗ ನೀರಿಗೆಂದು ಇಳಿದವನು ಮತ್ತೆ ಹತ್ತಲಿಲ್ಲ. ಮಧ್ಯಾಹ್ನದವರೆಗೆ ಕಾದೆವು ಎಂದು ಡ್ರೈವರ್ ಬಂದು ಹೇಳಿದ. ಮಂಡಿಯಲ್ಲಿ ಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದ ಚಿಕ್ಕಗಂಗಮ್ಮನೇ ಹೇಳಿ ಅವನನ್ನು ಆ ಲಾರಿಗೆ ಹತ್ತಿಸಿದ್ದಳು. ಅದಕ್ಕಾಗಿ ವೆಂಕಟರತ್ನಮ್ಮ ಒಂದು ದಿನವೂ ಅವಳನ್ನು ದೂರಲಿಲ್ಲ. ಕರ್ಮ ಮಾಡಿಸು ಎಂದು ನೆಂಟರು ಹೇಳಿದಾಗಲೆಲ್ಲ, "ಬರೋನಿಗೆ ಎಂಥ ಕರ್ಮ" ಅನ್ನುವಳು. ಪಕ್ಕದಲ್ಲಿ ಚಿಕ್ಕಗಂಗಮ್ಮ ತಲೆ ಆಡಿಸುವಳು. ಇಬ್ಬರೂ ಕೂಡಿಯೇ ಬೇರೆಯವರ ಸಾವಿಗೆ ಹೋಗಿ ಅತ್ತು ಬರುತ್ತಿದ್ದರು.

ಹೋದ ವರ್ಷ ಸಂಕ್ರಾಂತಿಯ ಮಾರನೇ ದಿನ ಭೀಮರಾಜ್ ಹೆಮ್ಮೆಯಿಂದ ತನ್ನ ಟೆಂಪೋದಲ್ಲಿ ಆ ಹಾಡನ್ನು ಬೀದಿಗೆಲ್ಲ ಕೇಳುವಂತೆ ಹಾಕಿದ. ವೆಂಕಟರತ್ನಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಬಂದು ಗೆಳತಿಯ ಎದುರು ನಿಂತಳು.

"ಯಾರ್ನ ಕೇಳಿ ನನ್ ಮಗನ್ನ ಮಣ್ಣು ಮಾಡ್ದೆ ಗಂಗಿ?"

ಅವರಿಬ್ಬರ ನಡುವೆ ಅದೇ ಕೊನೆಯ ಮಾತು.

*

ಹನ್ನೆರಡರ ಬಸ್ಸಿಗೆ, ಆ ಹಾಡಿನಿಂದ ಈ ಮನೆಗೆ ಪರಿಚಯವಾಗಿದ್ದ ಆಶಾರಾಣಿ ಬಂದಳು. ಮುಳಬಾಗಿಲಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಹೂವಿನ ಹಾರ ಹಾಕಿ, ಪಾದ ಮುಟ್ಟಿ, ಮೂಲೆಯಲ್ಲಿ ಕೂತಳು.

"ಹಾಡೋರು ಯಾರೂ ಇಲ್ವಾ ಅಕ್ಕ?" ಎಂದು ಮುನಿಲಕ್ಷ್ಮಿಯ ಕಿವಿಯಲ್ಲಿ ಕೇಳಿದಳು.

"ಇದ್ದೋಳು ಇವಳೇ ಅಲ್ವೇನಮ್ಮ."

ಹೊರಗೆ ಹಿರಿಯ ಸೊಣ್ಣಪ್ಪ ಚಟ್ಟ ಕಟ್ಟಿಸುತ್ತಿದ್ದ. ಮನೆಯ ಹಿಂದಿನ ತೋಪಿನಿಂದ ಮಾವಿನ ಹೂವಿನ ವಾಸನೆ ಒಳಗೆ ಬಂದು ಊದುಬತ್ತಿಯ ಹೊಗೆಗೆ ಸೇರಿಕೊಳ್ಳುತ್ತಿತ್ತು. ಇಷ್ಟು ಜನ ಸೇರಿರುವ ಸಾವಿನ ಮನೆ ಇಷ್ಟು ಸದ್ದಿಲ್ಲದೆ ಇದ್ದುದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಮಕ್ಕಳು ಕೂಡ ಅಂಗಳದ ಆಚೆಯೇ ನಿಂತಿದ್ದವು.

*

ಆಶಾರಾಣಿ 'ಏಳನೇ ಕಕ್ಷೆ'ಯನ್ನು ಹನ್ನೊಂದು ಸಲ ನೋಡಿದ್ದವಳು. ಹೊಸ ಸಂಗೀತ ಬರುತ್ತದೆಂದಾಗ ಉಳಿದ ಅಭಿಮಾನಿಗಳಂತೆ ಅವಳೂ ಸಿಟ್ಟಾಗಿದ್ದಳು. 'ನಮ್ಮ ಸಿನಿಮಾ ಮುಟ್ಟಬೇಡಿ' ಎಂದು ಬರೆದಿದ್ದಳು. ಬಿಡುಗಡೆಯಾದ ವಾರ ಬೈಗುಳವೋ ಬೈಗುಳ. ಹಳೆಯ ಕೊಳಲು ಎಲ್ಲಿ, ಹಳೆಯ ಡ್ರಮ್ ಎಲ್ಲಿ ಎಂದು. ಆದರೆ ಖಾಲಿ ನೌಕೆಯ ಆ ನಾಲ್ಕು ನಿಮಿಷದ ಬಗ್ಗೆ ಮಾತ್ರ ಯಾರೂ ಬೈಯಲಿಲ್ಲ. ಥಿಯೇಟರಿನಲ್ಲಿ ಜನ ಎದ್ದು ನಿಂತರಂತೆ. ಯಾಕೆ ನಿಂತೆವೋ ಗೊತ್ತಿಲ್ಲ ಎಂದು ಬರೆದರು. ಅದು ಕಂಪ್ಯೂಟರ್ ಮಾಡಿದ ದನಿ ಎಂದರು ಕೆಲವರು. ಬೇರೆ ಗ್ರಹದ ಭಾಷೆ ಎಂದರು ಕೆಲವರು. 'ಅಮರಾ' ಎಂಬುದು ನೌಕೆಯ ಹೆಸರೆಂದು ತೀರ್ಮಾನಿಸಿ ಅಂಗಿಗಳ ಮೇಲೆ ಅಚ್ಚು ಹಾಕಿಸಿಕೊಂಡರು. ಆಶಾರಾಣಿಗೆ ಮಾತ್ರ ಆ ಮಾತು ಅವಳ ಅಜ್ಜಿಯ ಊರಿನ ಕಡೆಯದೆಂದು ಗೊತ್ತಾಯಿತು. ಹೋದ ಶ್ರಾವಣದ ಒಂದು ಭಾನುವಾರ ವಿಚಾರಿಸಿಕೊಂಡು ಬಂದು ಈ ಮನೆಯ ಹೊಸ್ತಿಲಲ್ಲಿ ಕೂತಿದ್ದಳು.

ಚಿಕ್ಕಗಂಗಮ್ಮ ಹುರುಳಿಕಾಯಿ ಸೋಸುತ್ತ, "ಏನಂತಾರೆ ಜನ, ಓದು" ಅಂದಳು.

ಆಶಾರಾಣಿ ಫೋನು ತೆಗೆದು ಓದಿದಳು. ಅಪ್ಪ ಸತ್ತಾಗ ಬಾರದ ಅಳು ಇದನ್ನು ಕೇಳಿ ಬಂತು ಎಂದು ಒಬ್ಬ. ಸಾಲು ಸಾಲಿನ ನಡುವೆ ಯಾಕೆ ಸುಮ್ಮನಾಗುತ್ತೀರಿ, ಆಗ ನನ್ನ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದೆ ಎಂದು ಒಬ್ಬಳು. ಆಮೇಲೆ, ಒಂದೇ ತರಹದವು. ಹುಬ್ಬಳ್ಳಿಯವನೊಬ್ಬ, ವಿಶಾಖಪಟ್ಟಣದವಳೊಬ್ಬಳು, ಮಲೇಷ್ಯಾದಲ್ಲಿರುವವನೊಬ್ಬ. ಒಬ್ಬರಿಗೊಬ್ಬರು ಗೊತ್ತಿಲ್ಲದವರು. ಈ ದನಿ ಕೇಳುವಾಗ ಕಣ್ಣು ಮುಚ್ಚಿದರೆ ದೊಡ್ಡ ರಸ್ತೆಯೊಂದರ ಬದಿಯಲ್ಲಿ ಹುಡುಗನೊಬ್ಬ ಬೆನ್ನು ಮಾಡಿ ನಿಂತಂತೆ ಕಾಣುತ್ತದೆ ಎಂದು ಬರೆದಿದ್ದರು. ಚಿತ್ರದಲ್ಲಿ ರಸ್ತೆಯೂ ಇಲ್ಲ, ಹುಡುಗನೂ ಇಲ್ಲ.

ಚಿಕ್ಕಗಂಗಮ್ಮನ ಕೈ ನಿಂತಿತು. "ಈಕಡೆ ತಿರುಗಿದ್ನಂತಾ?"

"ಇಲ್ಲ ಅಜ್ಜಿ. ಮುಖ ಕಂಡ್ತು ಅಂತ ಯಾರೂ ಬರ್ದಿಲ್ಲ."

ಮುದುಕಿ ಎದುರು ಮನೆಯ ಬಾಗಿಲನ್ನು ನೋಡಿದಳು. "ಎತ್ತಿ ಆಡಿಸಿದ್ದೆ ಕಣಮ್ಮ ಅವನ್ನ. ಅವಳ ಕಿವಿಗೆ ಬೀಳ್ದಂಗೆ ಒಂದ್ಸಲ ಅತ್ತು ಮುಗಿಸಾನ ಅಂತ ಹೋದೆ. ಲೋಕಕ್ಕೆಲ್ಲ ಕೇಳ್ಸುತ್ತೆ ಅಂತ ನಂಗೇನು ಗೊತ್ತು" ಎಂದಳು.

*

ಎರಡು ಗಂಟೆಯ ಹೊತ್ತಿಗೆ ಆಶಾರಾಣಿ ಗಾಳಿಗೆಂದು ಹೊರಗೆ ಬಂದಳು. ಜಗಲಿಯಿಂದ ವೆಂಕಟರತ್ನಮ್ಮ ಕೈ ಸನ್ನೆ ಮಾಡಿ ಕರೆದಳು.

"ಫೋನಲ್ಲಿ ಜನ ಬರೆದಿದ್ದು ಓದಿ ಹೇಳ್ತಿದ್ದ ಹುಡುಗಿ ನೀನೇನಾ?"

"ಹೌದು ಅಜ್ಜಿ."

"ಆ ಹಾಡು ಎಷ್ಟು ಜನ ಕೇಳವ್ರೆ?"

"ತುಂಬಾ. ಲಕ್ಷಗಟ್ಟಲೆ."

"ಎಲ್ಲಾ ದೇಶದೋರೂನಾ?"

"ಹೂಂ ಅಜ್ಜಿ."

ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಗಂಗಿ ದನಿ ಅವನಿಗೆ ಚೆನ್ನಾಗಿ ಗೊತ್ತು. ಅವಳು ಹೆಸರು ಹಿಡಿದು ಕೂಗಿದ್ರೆ ಎಲ್ಲಿದ್ರೂ ಗುರ್ತು ಹಿಡೀತಾನೆ. ಅಮರನಾಥ ಅಂತ, ಇಲ್ಲಾ ನಮ್ಮೂರಿನ ಹೆಸರು ಹೇಳಿ, ಯಾರಾದ್ರೂ ಬರೆದವ್ರಾ? ನೀನು ಎಲ್ಲಾನೂ ಓದಿದೀಯಾ?"

ಆಶಾರಾಣಿಗೆ ಆಗ ಅರ್ಥವಾಯಿತು. ಹದಿಮೂರು ತಿಂಗಳು ಇವಳು ಸಿಟ್ಟು ಮಾಡಿಕೊಂಡು ಮಾತ್ರ ಕೂತಿರಲಿಲ್ಲ.

"ಎಲ್ಲಾ ಓದಿದೀನಿ. ಇಲ್ಲ ಅಜ್ಜಿ." ಹೇಳಬಾರದು ಅನ್ನಿಸಿದರೂ ಬಾಯಿಗೆ ಬಂತು. "ಒಬ್ಬ ಹುಡುಗ ರಸ್ತೆ ಪಕ್ಕ ನಿಂತಂಗೆ ಕಾಣ್ತಾನೆ ಅಂತ ಕೆಲವ್ರು ಬರ್ದಿದಾರೆ. ಹೆಗಲ ಮೇಲೆ ಮಡಚಿದ ಚೀಲ ಇರತ್ತಂತೆ."

"ಯಾವ ಹೆಗಲು?"

"ಎಡಗಡೆ ಅಂತಾರೆ. ಎಲ್ರೂ."

"ಎಡಚ ಅವನು. ಮೂಟೆ ಎಡಗಡೇನೇ ಹೊರ್ತಿದ್ದ" ಎಂದಳು ವೆಂಕಟರತ್ನಮ್ಮ, ಯಾರಿಗೂ ಅಲ್ಲದಂತೆ.

ಒಳಗಿನಿಂದ ಸೊಣ್ಣಪ್ಪನ ದನಿ ಕೇಳಿತು. ಹೆಣ ಎತ್ತುವ ಹೊತ್ತಾಯಿತು, ಹಾಡಿಲ್ಲದೆ ಗಂಗಮ್ಮನನ್ನು ಕಳಿಸುವುದು ಚೆನ್ನಾಗಿರುವುದಿಲ್ಲ, ಫೋನಿನಲ್ಲಿ ಅವಳದೇ ಇದೆಯಲ್ಲ ಹಾಕಿ ಎನ್ನುತ್ತಿದ್ದ. ಬೇರೆಯವರ ಹೆಸರಿನ ಹಾಡು ಹೇಗೆ ಎಂದು ಮುನಿಲಕ್ಷ್ಮಿ ಅನುಮಾನಿಸಿದಳು. ಆಮೇಲೆ ಆಗಲಿ ಎಂದಳು. ಆಶಾರಾಣಿ ಹೋಗಿ ಫೋನನ್ನು ಹೆಣದ ತಲೆಯ ಬಳಿ ಇಟ್ಟಳು.

"ಎಕ್ಕಡಿಕಿ ಪೋತಿವೋ ಅಮರಾ…"

ಕಟ್ಟಿದ ಗಲ್ಲದ, ಮುಚ್ಚಿದ ತುಟಿಯ ಪಕ್ಕದಲ್ಲೇ ಅವಳ ದನಿ ಎದ್ದಿತು. ಹಿಂದೆ ಕೂತಿದ್ದ ಒಬ್ಬಳು ಸರಕ್ಕನೆ ಗೋಡೆಗೆ ಒತ್ತಿಕೊಂಡಳು. ಸಾಲು ನಿಂತಿತು. ಯಾರೂ ಸೊಲ್ಲು ಕೊಡಲಿಲ್ಲ. ಕೊಟ್ಟರೆ ಅಮರನಾಥ ಸತ್ತನೆಂದು ಒಪ್ಪಿದಂತೆ. ಎರಡನೇ ಸಾಲು. ಮತ್ತೆ ಅದೇ ಮೌನ. ಮೂರನೇ ಸಾಲು ಮುಗಿದಾಗ ಬಾಗಿಲ ಕಡೆಯಿಂದ ಒಡಕು ದನಿಯೊಂದು ಕೇಳಿತು.

"ಓ ನಾಯನಾ…"

ವೆಂಕಟರತ್ನಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಉಸಿರು ಸಾಲದೆ ಸೊಲ್ಲನ್ನು ಎಳೆದಳು, ನಡುವೆ ಮುರಿಯಿತು, ಮತ್ತೆ ಹಿಡಿದು ಎಳೆದಳು. ಹಾಡಿನ ಆ ಮೌನ ಎಷ್ಟು ಉದ್ದ ಎಂಬುದು ಆಶಾರಾಣಿಗೆ ಬಾಯಿಪಾಠವಾಗಿತ್ತು. ಏಳು ಎಣಿಸುವಷ್ಟು. ಇವತ್ತು ಅವಳು ಮನಸ್ಸಿನಲ್ಲೇ ಹದಿನಾಲ್ಕರವರೆಗೆ ಎಣಿಸಿದಳು. ಮುದುಕಿಯ ಸೊಲ್ಲು ಪೂರ್ತಿ ಮುಗಿದ ಮೇಲೆಯೇ ಫೋನಿನಲ್ಲಿ ಚಿಕ್ಕಗಂಗಮ್ಮ ಮುಂದಿನ ಸಾಲು ಎತ್ತಿದಳು. ಆಶಾರಾಣಿ ಫೋನಿನತ್ತ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಹಾಡು ಮುಗಿಯುವ ಹೊತ್ತಿಗೆ ವೆಂಕಟರತ್ನಮ್ಮ ಗೆಳತಿಯ ತಲೆಯ ಬಳಿ ಕೂತಿದ್ದಳು. ಅಲ್ಲಿಂದ ತಾನೇ ಎತ್ತಿದಳು. ಗಂಗೀ, ಎದುರು ಬಾಗಿಲು ತೆರೆದೇ ಇತ್ತಲ್ಲೇ, ಒಂದು ಮಾತು ಕೂಗದೆ ಹೋದೆಯಲ್ಲೇ ಎಂದು. ಮನೆ ತುಂಬ ಹೆಂಗಸರು 'ಓ ತಲ್ಲೀ' ಅಂದರು. ಭೀಮರಾಜ್ ಬಾಗಿಲಿಗೆ ತಲೆ ಆನಿಸಿ ಅತ್ತ.

ನಾಲ್ಕು ಗಂಟೆಗೆ ತೋಪಿನ ಅಂಚಿನಲ್ಲಿ ಮಣ್ಣಾಯಿತು. ಮಣ್ಣಿಗೆ ಹೋದವರು ತಲೆಗೆ ನೀರು ಹಾಕಿಕೊಳ್ಳದೆ ಮನೆ ಸೇರುವಂತಿಲ್ಲ. ಬೋರ್‌ವೆಲ್ ತೊಟ್ಟಿಯ ಹತ್ತಿರ ಗಂಡಸರು ಮುಗಿಸಿ ಹೋದ ಮೇಲೆ ಹೆಂಗಸರು ಉಟ್ಟ ಬಟ್ಟೆಯಲ್ಲೇ ಮಿಂದು, ಸೆರಗು ಹಿಂಡುತ್ತ ನಿಂತರು. ವೆಂಕಟರತ್ನಮ್ಮ ಮೂರು ಚೊಂಬು ಸುರಿದುಕೊಂಡಳು.

ಮುನಿಲಕ್ಷ್ಮಿ ಕೈ ಚಾಚಿದಳು. "ಆಯ್ತು ಬಾ ದೊಡ್ಡಮ್ಮ. ಚಳಿಯಾಗುತ್ತೆ."

"ಅದು ಗಂಗಿ ಹೆಸರಿಂದು" ಎಂದಳು ವೆಂಕಟರತ್ನಮ್ಮ. ಚೊಂಬನ್ನು ಮತ್ತೆ ತೊಟ್ಟಿಗೆ ಅದ್ದಿ, ಮಗನ ಲಾರಿ ಹೋದ ಬಡಗಣ ದಿಕ್ಕಿಗೆ ತಿರುಗಿ ನಿಂತು, ನೆತ್ತಿಯ ಮೇಲೆ ನಿಧಾನಕ್ಕೆ ಸುರಿದುಕೊಂಡಳು.

ಹೆಂಗಸರು ನೋಡುತ್ತ ನಿಂತರು. ಮುನಿಲಕ್ಷ್ಮಿ ಹಿಂಡಿದ ಸೆರಗನ್ನು ಕೈಬಿಟ್ಟು ತೊಟ್ಟಿಗೆ ಹಿಂದಿರುಗಿ ತಾನೂ ಚೊಂಬು ಅದ್ದಿದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಉಳಿದವರೂ ಬಂದು, ತಮ್ಮ ಸರದಿ ಬರುವವರೆಗೆ ಒದ್ದೆಯಲ್ಲೇ ಸಾಲಾಗಿ ನಿಂತರು.